ಕೇತ್ತಿ ಕಣಿವೆಗೆ ಹತ್ತಿ ಬಂದವರು

ಡಿಸೆಂಬರ್ ತಿಂಗಳು, ಬೆಳಗಿನ ಜಾವ ಐದು ಗಂಟೆ. ನೀಲಗಿರಿಯ ಕೇತ್ತಿ ಪಾಲಾಡದಲ್ಲಿ ಇನ್ನೂ ಬೆಳಕು ಹರಿದಿಲ್ಲ. ಕ್ಯಾರೆಟ್ ತೊಳೆಯುವ ಯಂತ್ರಗಳು ಮಾತ್ರ ಆಗಲೇ ಎದ್ದು ಕೂತಿವೆ. ಕಬ್ಬಿಣದ ದೊಡ್ಡ ಉರುಳೆಯೊಳಗೆ ಮಣ್ಣು ಮೆತ್ತಿದ ಕ್ಯಾರೆಟ್ ಸುರಿದು ನೀರು ಬಿಡುತ್ತಾರೆ. ಉರುಳೆ ಗಡಗಡ ತಿರುಗುತ್ತದೆ. ಕೆಸರು ನೀರು ಚರಂಡಿಗಿಳಿದ ಮೇಲೆ ಬಲ್ಬಿನ ಬೆಳಕಿಗೆ ಹೊಳೆಯುವ ಕಿತ್ತಳೆ ಬಣ್ಣದ ರಾಶಿ ಈಚೆಗೆ ಬೀಳುತ್ತದೆ. ನಿಮ್ಮ ಕೈ ಜೇಬಿನಿಂದ ಹೊರಬರಲು ಒಪ್ಪುತ್ತಿಲ್ಲ. ಇಲ್ಲಿ ಕೆಲಸ ಮಾಡುವವರ ಕೈ ಮೊಣಕೈವರೆಗೂ ಒದ್ದೆ. ಮೂಟೆ ಹೊಲಿಯುವವನು ಬೀಡಿ ಕಚ್ಚಿಕೊಂಡೇ ದಬ್ಬಣ ಎಳೆಯುತ್ತಾನೆ, ಲಾರಿಯವನು ತಮಿಳಿನಲ್ಲಿ ಬೈಯುತ್ತಾನೆ, ಲೆಕ್ಕ ಬರೆಯುವ ಹಿರಿಯರು ಅದಕ್ಕೆ ಈ ಬೆಟ್ಟದ ಬಡಗರ ಮಾತಿನಲ್ಲಿ ಉತ್ತರ ಕೊಡುತ್ತಾರೆ. ಆ ಉತ್ತರ ನಿಮಗೆ ಅರ್ಧ ಅರ್ಥವಾಗುತ್ತದೆ. ಚಾಮರಾಜನಗರದ ಕಡೆಯ ಅಜ್ಜಿಯೊಬ್ಬಳು ಪಕ್ಕದ ಕೋಣೆಯಲ್ಲಿ ಕೂತು ಮಾತಾಡುತ್ತಿದ್ದಾಳೇನೋ ಅನ್ನಿಸುತ್ತದೆ.

ಮೂಟೆಗಳು ಇಳಿಯುವುದು ಮೇಟ್ಟುಪಾಳ್ಯದ ಮಂಡಿಗೆ. ಅಲ್ಲಿ ಹರಾಜಾಗಿ ಕೇರಳಕ್ಕೆ, ಚೆನ್ನೈಗೆ ಹೋಗುತ್ತವೆ. ಬೆಂಗಳೂರಿನ ತಳ್ಳುಗಾಡಿಯವನು ‘ಊಟಿ ಕ್ಯಾರೆಟ್’ ಎಂದು ಕೂಗುವಾಗ ಊಟಿ ಎನ್ನುವುದು ಒಂದು ಸಡಿಲವಾದ ವಿಳಾಸ. ಊಟಿ ಪೇಟೆಯಲ್ಲಿ ಹೋಟೆಲುಗಳು ಬೆಳೆಯುತ್ತವೆ. ಕ್ಯಾರೆಟ್ ಬೆಳೆಯುವುದು ಇಂಥ ಕಣಿವೆಗಳಲ್ಲಿ.

ಮೊದಲು ಇಲ್ಲಿ ಆಲೂಗಡ್ಡೆಯದೇ ರಾಜ್ಯಭಾರವಾಗಿತ್ತು. 1961ರಲ್ಲಿ ನೀಲಗಿರಿಯ ಮಣ್ಣಿನಲ್ಲಿ ಆಲೂ ಬೇರಿಗೆ ಅಂಟುವ, ಕಣ್ಣಿಗೆ ಕಾಣಿಸದಷ್ಟು ಸಣ್ಣದೊಂದು ಹುಳು ಸಿಕ್ಕಿತು. ಮುಂದೆ ಇಲ್ಲಿನ ಬಿತ್ತನೆ ಗಡ್ಡೆ ಬೇರೆ ಸೀಮೆಗೆ ಹೋಗದಂತೆ ಕಟ್ಟುಪಾಡು ಬಂತು. ಆಲೂ ಹೋಗಿಬಿಡಲಿಲ್ಲ. ಆದರೆ ಕ್ಯಾರೆಟ್, ಬೀಟ್‌ರೂಟ್, ಕೋಸು, ಬೆಳ್ಳುಳ್ಳಿಗಳಿಗೆ ಜಾಗ ಬಿಟ್ಟುಕೊಟ್ಟಿತು.

ಆರೂವರೆಗೆ ಕಣಿವೆ ಕಾಣಿಸಿಕೊಳ್ಳುತ್ತದೆ. ನೀವು ನಿಂತಿರುವುದು ತಳದಲ್ಲಿ. ತೊರೆಯ ಇಕ್ಕೆಲದಲ್ಲಿ ಚೌಕ ಚೌಕವಾಗಿ ತರಕಾರಿ ಮಡಿಗಳು, ಅವುಗಳ ಮೇಲೆ ಬಿಳಿ ಹುಡಿ. ರಾತ್ರಿ ಹಿಮ ಬಿದ್ದಿದೆ. ತಣ್ಣನೆಯ ಗಾಳಿ ಭಾರವಾಗಿ ತಗ್ಗಿಗಿಳಿಯುವುದರಿಂದ ಹಿಮ ಮೊದಲು ಸುಡುವುದು ತಳದ ಬೆಳೆಯನ್ನೇ. ಹಳಬರು ಮನೆಗಳನ್ನು ಕೆಳಗೆ ಕಟ್ಟದೆ ಗುಡ್ಡದ ನಡುವೆ ಕಟ್ಟಿಕೊಂಡದ್ದು ಸುಮ್ಮನಲ್ಲ. ಮಡಿಗಳ ಮೇಲೆ ಚಹಾ, ಚಹಾದ ಮೇಲೆ ಸಾಲುಮನೆಗಳು, ಅದಕ್ಕೂ ಮೇಲೆ ನೀಲಗಿರಿ ಮರ, ಎಲ್ಲದರಾಚೆ ಉತ್ತರಕ್ಕೆ ಉದಕಮಂಡಲದ ಬೆಟ್ಟಸಾಲು. 2,637 ಮೀಟರ್ ಎತ್ತರದ ದೊಡ್ಡಬೆಟ್ಟ ಇರುವುದು ಆ ಕಡೆಗೇ. ನಿಮ್ಮ ಕಾಲಡಿಯ ತೊರೆ ಕಾಟೇರಿ ಜಲಪಾತದಲ್ಲಿ ಧುಮುಕಿ, ಕೂನೂರಿನ ಹಳ್ಳ ಸೇರಿ, ಭವಾನಿಗೆ ಬಿದ್ದು, ಕೊನೆಗೆ ಕಾವೇರಿಯಾಗುತ್ತದೆ. ಕ್ಯಾರೆಟ್ ತೊಳೆದ ಈ ಕೆಸರಿನದೂ ಅದೇ ದಾರಿ. ಅದರ ಬಗ್ಗೆ ಕೆಳಗಿನ ಊರುಗಳವರಿಗೆ ಸಿಟ್ಟಿದೆ, ನ್ಯಾಯವಾದ ಸಿಟ್ಟು.

ಸರ್ಕಾರಿ ಕಾಗದದಲ್ಲಿ ಕೇತ್ತಿ ಒಂದು ಪೇರೂರಾಟ್ಚಿ, ನಮ್ಮ ಲೆಕ್ಕದಲ್ಲಿ ಪಟ್ಟಣ ಪಂಚಾಯಿತಿ. ಕೂನೂರು ತಾಲ್ಲೂಕು. ಪಟ್ಟಣ ಎಲ್ಲಿದೆ ಎಂದು ಹುಡುಕಬೇಡಿ. ಗುಡ್ಡದ ಒಂದೊಂದು ಮಡಿಲಲ್ಲಿ ಒಂದೊಂದು ಹಟ್ಟಿ, ಅವೆಲ್ಲ ಸೇರಿದರೆ ಕೇತ್ತಿ.

ಕಾಲುದಾರಿ ಹಿಡಿದು ಹತ್ತಿ. ಉಸಿರು ಏರುತ್ತದೆ; ಎರಡು ಸಾವಿರ ಮೀಟರಿಗಿಂತ ಮೇಲಿದ್ದೀರಿ. ಹಟ್ಟಿಯ ಸಾಲುಮನೆಗಳು ಗೋಡೆಗೆ ಗೋಡೆ ತಾಗಿಸಿಕೊಂಡು ನಿಂತಿವೆ. ಹೆಂಚಿನ ಜಾಗಕ್ಕೆ ತಾರಸಿ, ಮಣ್ಣಿನ ಗೋಡೆಗೆ ಗಿಳಿಹಸಿರು ಬಣ್ಣ ಬಂದಿವೆ. ಆದರೂ ಹಳೆಯ ಮನೆಯೊಂದರಲ್ಲಿ ಹಾಗೋಟು ಉಳಿದಿದೆ. ಹಾಲು ಮೊಸರಿಗೆಂದೇ ಮೀಸಲಾದ, ಮಡಿಯಿಂದ ಹೊಗಬೇಕಾದ ಕೋಣೆ. ಅಂಗಳದಲ್ಲಿ ಬಿಳಿ ಮುಂಡು ಉಟ್ಟು, ತಲೆಗೆ ಬಿಳಿ ಬಟ್ಟೆ ಬಿಗಿದ ಅಜ್ಜಿಯೊಬ್ಬರು ಅವರೆ ಸುಲಿಯುತ್ತಿದ್ದಾರೆ. ಮಧ್ಯಾಹ್ನಕ್ಕೆ ಅವರೆ ಉದಕ. ಒಳಗೆ ಯಾರೋ ಗಂಡಸರ ಬಿಳಿ ಪಂಚೆಗಳನ್ನು ಎಣಿಸಿಡುತ್ತಿದ್ದಾರೆ. ಹೆತ್ತೆ ಹಬ್ಬ ಹತ್ತಿರ ಬಂತು. ಕುಲದ ಮೂಲಜ್ಜಿ ಹೆತ್ತೆಗಾಗಿ ಬಡಗರು ಊರೂರಿನಿಂದ ಬರಿಗಾಲಲ್ಲಿ ನಡೆದು ಕೋತಗಿರಿ ಕಡೆಯ ಬೇರಗಣಿಗೆ ಹೋಗುತ್ತಾರೆ. ಆ ಹಾದಿ ಅವತ್ತು ಬೆಳ್ಳಗಿರುತ್ತದೆ.

“ಎಲ್ಲಿಂದ?” ಎಂದು ಅಜ್ಜಿ ಕೇಳುತ್ತಾರೆ. ಮೈಸೂರು ಎಂದರೆ ತಲೆಯಾಡಿಸುತ್ತಾರೆ. ಬಡಗರೂ ಅಲ್ಲಿಂದಲೇ ಬಂದವರಲ್ಲವೇ! ಬಯಲಿನ ಒಬ್ಬ ಅರಸ ತಂಗಿಯ ಮೇಲೆ ಕಣ್ಣು ಹಾಕಿದ, ಅಣ್ಣಂದಿರು ಅವಳನ್ನು ಕರೆದುಕೊಂಡು ರಾತ್ರೋರಾತ್ರಿ ಬೆಟ್ಟ ಹತ್ತಿದರು ಎಂಬ ಕಥೆ ಇಲ್ಲಿ ಎಲ್ಲರ ಬಾಯಲ್ಲೂ ಇದೆ. ಇತಿಹಾಸಕಾರರು ಇದನ್ನು ವಿಜಯನಗರ ಒಡೆದ ನಂತರದ ವರ್ಷಗಳಿಗೆ ಹೊಂದಿಸುತ್ತಾರೆ. 1603ರಲ್ಲಿ ಮಲಬಾರಿನಿಂದ ಹತ್ತಿ ಬಂದ ಜೆಸ್ಯೂಟ್ ಪಾದ್ರಿ ಫಿನಿಸಿಯೊ ಬೆಟ್ಟದ ಮೇಲೆ ತೋಡರ ಜೊತೆಗೆ ಬಡಗರನ್ನೂ ಕಂಡು ಬರೆದಿಟ್ಟಿದ್ದಾನೆ. ಅಂದರೆ ಅಷ್ಟು ಹೊತ್ತಿಗೆ ಅವರು ಇಲ್ಲಿ ನೆಲೆ ನಿಂತಾಗಿತ್ತು. ಮೊದಲಿದ್ದವರೊಂದಿಗೆ ಲೆಕ್ಕವೂ ಕುದುರಿತ್ತು: ತೋಡರಿಂದ ತುಪ್ಪ, ಕೋತರಿಂದ ಮಡಕೆ, ಕಬ್ಬಿಣ, ಸಾವಿನ ಮನೆಯ ವಾದ್ಯ, ಕುರುಂಬರಿಂದ ಜೇನು ಮತ್ತು ಮಂತ್ರ. ಬಡಗರು ಕೊಡುತ್ತಿದ್ದದ್ದು ಧಾನ್ಯ. ಕುರುಂಬರ ಮಂತ್ರಕ್ಕೆ ಹೆದರಿ ಕೊಟ್ಟದ್ದೂ ಇದೆ, ಆ ಹೆದರಿಕೆಯಿಂದ ಕೊಲೆಗಳಾದದ್ದೂ ಇದೆ. ಹಳೆಯ ಬೆಟ್ಟದ ಬಾಳು ಬರೀ ಹಾಲುಜೇನಾಗಿರಲಿಲ್ಲ.

ಹಟ್ಟಿ ದಾಟಿ ಬಲಕ್ಕೆ ಹೊರಳಿದರೆ ಚಹಾ ಇಳಿಜಾರು. ಇಲ್ಲಿ ಒಂದು ಕ್ಷಣ ನಿಂತು ಚಹಾವನ್ನು ಕಣ್ಣಿನಿಂದ ಅಳಿಸಿಬಿಡಿ. 1830ರ ಆಸುಪಾಸು. ಮದರಾಸಿನ ಗವರ್ನರ್ ಲಷಿಂಗ್ಟನ್ನನಿಗೆ ನೀಲಗಿರಿಯ ಹುಚ್ಚು. ಕೇತ್ತಿಯಲ್ಲಿ ಕಂಪನಿ ಸರ್ಕಾರದ ಖರ್ಚಿನಲ್ಲಿ ಒಂದು ಪ್ರಯೋಗದ ತೋಟ ಎದ್ದಿದೆ, ಮೇಜರ್ ಕ್ರೂ ಅದರ ಯಜಮಾನ. ಯುರೋಪಿನ ಧಾನ್ಯ, ಯುರೋಪಿನ ತರಕಾರಿ ಬೆಳೆದು ಬೆಟ್ಟದವರಿಗೆ ಒಕ್ಕಲುತನ ಕಲಿಸಬೇಕೆಂಬ ಉಮೇದು. ಎದುರಿನ ಹಟ್ಟಿಯಲ್ಲಿ ಸಾಮೆ, ರಾಗಿ, ಬಾರ್ಲಿ ಬೆಳೆದುಕೊಂಡು ಇನ್ನೂರು ವರ್ಷ ಉಂಡವರಿಗೆ ಇದು ಹೇಗೆ ಕಂಡಿರಬಹುದು, ಊಹಿಸಿ. 1836ರಲ್ಲಿ ಮೇಲಿನವರು ತೋಟ ಮುಚ್ಚಿಸಿದರು.

ಮುಚ್ಚುವ ಮುನ್ನ, 1835ರಲ್ಲಿ, ಚೀನಾ ಬೀಜದಿಂದ ಬಂದ ಕೆಲವು ಚಹಾ ಸಸಿಗಳು ಇಲ್ಲಿ ನೆಲ ಕಂಡಿದ್ದವು. ತೋಟದ ಮನೆಗೆ ಪುದುಚೇರಿಯ ಫ್ರೆಂಚ್ ಗವರ್ನರ್ ಮಾರ್ಕ್ವಿಸ್ ಸೇಂಟ್ ಸಿಮೋನ್ ಬಂದು ತಂಗಿದ. ಆಮೇಲೆ ಫ್ರೆಂಚ್ ಸಸ್ಯಶಾಸ್ತ್ರಜ್ಞ ಪೆರೋಟೆ ಬಂದು ನೋಡಿದರೆ ಕಳೆಯೊಳಗೆ ಉಸಿರು ಹಿಡಿದುಕೊಂಡಿರುವ ಚಹಾ ಗಿಡಗಳು. ಸುತ್ತಲ ಕಳೆ ಕೀಳಿಸಿದ, ಮಣ್ಣು ಸರಿಸಿದ, ಗಿಡ ಚಿಗುರಿತು. ಇವತ್ತು ಕಣ್ಣು ಹೋದಲ್ಲೆಲ್ಲ ಹಸಿರು ಹಾಸಿರುವ ನೀಲಗಿರಿಯ ಚಹಾಕ್ಕೆ ಮೊದಲ ತೊಟ್ಟಿಲುಗಳಲ್ಲಿ ಒಂದು ಈ ಇಳಿಜಾರು. ಸರ್ಕಾರ ಬೆಳೆಸಲು ಹೊರಟದ್ದೆಲ್ಲ ಒಣಗಿ, ಮರೆತದ್ದು ಬದುಕಿಕೊಂಡಿತು.

ಮಾರ್ಕ್ವಿಸ್ ಹೋದ, ಮದರಾಸಿನ ಗವರ್ನರ್ ಲಾರ್ಡ್ ಎಲ್ಫಿನ್‌ಸ್ಟನ್ ಬಂದ. ಮನೆಯನ್ನು ದೊಡ್ಡದು ಮಾಡಿ ದುಬಾರಿ ಸಾಮಾನು ತುಂಬಿಸಿದ. ಅವನೂ ಹೋದ. 1845ರಲ್ಲಿ ಅದನ್ನು ಕೊಂಡವನು ಕಂಪನಿಯ ಚಾಕರಿಯಿಂದ ನಿವೃತ್ತನಾದ ನ್ಯಾಯಾಧೀಶ, ಜಾರ್ಜ್ ಜೇಮ್ಸ್ ಕ್ಯಾಸಮೇಜರ್. ಕನ್ನಡದವರು ಕೇತ್ತಿಗೆ ಬಂದರೆ ನಿಂತು ನೆನೆಯಬೇಕಾದ ಮನುಷ್ಯ ಇವನು. ಊಟಿಗೆ ಬರುವ ಲಕ್ಷಾಂತರ ಕನ್ನಡಿಗರಲ್ಲಿ ಬಹುಪಾಲು ಮಂದಿಗೆ ಇವನ ಹೆಸರೇ ಗೊತ್ತಿಲ್ಲ ಎನ್ನುವುದು ನನಗೆ ಸಣ್ಣ ಸಂಕಟ.

1847ರ ಒಂದು ಸಂಜೆ ಎಂದುಕೊಳ್ಳಿ. ಬೆಂಕಿಗೂಡಿನಲ್ಲಿ ಸೌದೆ ಉರಿಯುತ್ತಿದೆ. ಹೊರಗೆ ಇದೇ ಹಿಮ, ಇದೇ ಕತ್ತಲು. ಮೇಜಿನ ಒಂದು ಬದಿಗೆ ಬಡಗರ ನಡುವೆಯೇ ಉಳಿದ ಆಯುಷ್ಯ ಕಳೆಯಲು ನಿಂತ ನ್ಯಾಯಾಧೀಶ, ಈ ವಯಸ್ಸಿನಲ್ಲಿ ಕನ್ನಡದ ಪಾಠ ಹಿಡಿದವನು. ಇನ್ನೊಂದು ಬದಿಗೆ ಗಾಟ್‌ಫ್ರೀಡ್ ವೈಗ್ಲೆ, ಬಾಸೆಲ್ ಮಿಶನ್ನಿನ ಪಾದ್ರಿ. ಮಿಶನ್ನಿನ ಕಚೇರಿ ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದಲ್ಲಿದ್ದರೂ ಅದರ ಮಂದಿ ಹೆಚ್ಚಾಗಿ ದಕ್ಷಿಣ ಜರ್ಮನಿಯ ವುರ್ಟೆಂಬರ್ಗ್ ಸೀಮೆಯವರು, ರೈತರ, ಕಸುಬುದಾರರ ಮಕ್ಕಳು. ಗುಡ್ಡ, ಹುಲ್ಲು, ದನ, ಚಳಿ ಅವರಿಗೆ ಹೊಸದಲ್ಲ. 1834ರಲ್ಲಿ ಮಂಗಳೂರಿಗೆ ಬಂದಿಳಿದ ಮಿಶನ್ ಹನ್ನೆರಡು ವರ್ಷಕ್ಕೆ, 1846ರಲ್ಲಿ, ಕ್ಯಾಸಮೇಜರನ ಆಸರೆಯಲ್ಲಿ ಕೇತ್ತಿಗೆ ಹತ್ತಿತ್ತು. ಬಡಗ ಮಕ್ಕಳಿಗೆ ಶಾಲೆ ತೆರೆಯಿತು.

ಆ ಹೊತ್ತಿಗೆ ಮಂಗಳೂರಿನಲ್ಲಿ ವೈಗ್ಲೆಯ ಬಂಧು ಹರ್ಮನ್ ಮೊಗ್ಲಿಂಗ್, 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದವನು, ಒಂದು ಆಸೆ ಕಟ್ಟಿಕೊಂಡು ಕೂತಿದ್ದಾನೆ. ಓಲೆಗರಿಗಳಲ್ಲಿ ಹರಿದು ಹಂಚಿಹೋಗಿರುವ ಕನ್ನಡ ಕಾವ್ಯಗಳನ್ನು ಕೂಡಿಸಿ ಅಚ್ಚು ಹಾಕಿಸಬೇಕು. ಮಿಶನ್ನಿನ ಖಜಾನೆ ಇದಕ್ಕೆ ದುಡ್ಡು ಕೊಡುತ್ತದೆಯೇ? ಧರ್ಮಪ್ರಚಾರಕ್ಕೆಂದು ಯುರೋಪಿನ ಬಡಜನ ಕಾಸುಕಾಸು ಕೂಡಿಸಿಕೊಟ್ಟ ಹಣದಿಂದ ಬಸವಪುರಾಣ ಅಚ್ಚು ಮಾಡಿಸುವುದುಂಟೇ? ಹಣ ಬಂದದ್ದು ಈ ಕಣಿವೆಯಿಂದ. ಅಚ್ಚಿನ ಖರ್ಚು ಕ್ಯಾಸಮೇಜರ್ ಕೊಟ್ಟ. 1848ರಿಂದ ಮಂಗಳೂರಿನ ಕಲ್ಲಚ್ಚಿನಲ್ಲಿ ‘ಬಿಬ್ಲಿಯೊಥೆಕಾ ಕರ್ನಾಟಿಕಾ’ ಮಾಲೆಯ ಪುಸ್ತಕಗಳು ಒಂದೊಂದಾಗಿ ಹೊರಬಂದವು: ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು, ಚನ್ನಬಸವಪುರಾಣ. ಪುರಂದರದಾಸರ, ಕನಕದಾಸರ ಪದಗಳು ಅಚ್ಚಿನ ಪುಸ್ತಕವಾಗಿ ಕನ್ನಡಿಗರ ಕೈಸೇರಿದ ಕಥೆಯಲ್ಲಿ ನೀಲಗಿರಿಯ ಈ ಹಿಮದ ಕಣಿವೆಗೂ ಒಂದು ಪಾಲಿದೆ.

ಪಾದ್ರಿಗಳಿಗೆ ಇದರಲ್ಲಿ ಸ್ವಾರ್ಥ ಇರಲಿಲ್ಲವೇ? ಇತ್ತು. ಜನರ ಮನಸ್ಸು ಹೊಗಬೇಕಾದರೆ ಅವರ ಕಾವ್ಯ ಓದಬೇಕು ಎಂಬ ಲೆಕ್ಕ ಅದು. ಆದರೆ ಮೊಗ್ಲಿಂಗ್ ಲೆಕ್ಕವನ್ನು ಮೀರಿ ಓದಿದ. ಕ್ಯಾಸಮೇಜರ್ ಮಾತ್ರ ಹೆಚ್ಚು ಪುಸ್ತಕ ನೋಡಲಿಲ್ಲ, 1849ರಲ್ಲಿ ತೀರಿಕೊಂಡ. ತನ್ನ ಆಸ್ತಿಯ ದೊಡ್ಡ ಪಾಲನ್ನು ಮಿಶನ್ನಿಗೆ ಬರೆದಿಟ್ಟಿದ್ದ.

ಈಗ ನಡೆಯುತ್ತಿರುವ ಕಾಲುದಾರಿಯಂಥ ದಾರಿಗಳಲ್ಲೇ ಇನ್ನೊಬ್ಬ ನಡೆದಿದ್ದಾನೆ, ದಶಕಗಟ್ಟಲೆ: ಫರ್ಡಿನಾಂಡ್ ಮೆಟ್ಜ್. ಹಟ್ಟಿಯಿಂದ ಹಟ್ಟಿಗೆ, ಬಡಗರ ಮಾತಿನಲ್ಲೇ ಮಾತಾಡುತ್ತ, ಸಾವು, ಹಬ್ಬ, ಜಗಳ ಎಲ್ಲಕ್ಕೂ ಕಿವಿಗೊಡುತ್ತ. 1856ರಲ್ಲಿ ಅವನು ನೀಲಗಿರಿಯ ಜನರ ಬಗ್ಗೆ ಪುಸ್ತಕ ಬರೆದ. ಬಡಗರ ಸಾವಿನಲ್ಲಿ ಸತ್ತವರ ಪಾಪಗಳನ್ನು ಒಂದೊಂದಾಗಿ ಹಾಡಿ ಹೇಳಿ ಕಳೆಯುವ ಆಚರಣೆ ಮಿಶನರಿಗಳನ್ನು ಕೆಣಕುತ್ತಿತ್ತು. ಪಾಪ, ಪರಿಹಾರ ಎಲ್ಲವೂ ಇವರಲ್ಲೇ ಇರುವಾಗ ಹೊಸದಾಗಿ ಹೇಳುವುದೇನು? ಬಡಗರು ಮರ್ಯಾದೆಯಿಂದ ಕೇಳಿಸಿಕೊಂಡರು, ಮಕ್ಕಳನ್ನು ಶಾಲೆಗೆ ಕಳಿಸಿದರು, ಧರ್ಮ ಮಾತ್ರ ಬದಲಿಸಲಿಲ್ಲ. ಮೊದಲ ಬಡಗ ದೀಕ್ಷಾಸ್ನಾನ ಆದದ್ದು 1858ರಲ್ಲಿ, ಮಿಶನ್ ಬಂದು ಹನ್ನೆರಡು ವರ್ಷಗಳ ಮೇಲೆ. ಅದೇ ವರ್ಷ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಮೊಗ್ಲಿಂಗನಿಗೆ ಕನ್ನಡದ ಕೆಲಸಕ್ಕಾಗಿ ಗೌರವ ಡಾಕ್ಟರೇಟ್ ಕೊಟ್ಟಿತು. ಕಣಿವೆಯ ಹಣ ಎಲ್ಲಿ ಬೇಗ ಫಲ ಕೊಟ್ಟಿತು ಎನ್ನುವುದನ್ನು ನೀವೇ ನೋಡಿ.

1890ರಲ್ಲಿ ಲೂಕನ ಸುವಾರ್ತೆ ಬಡಗ ನುಡಿಯಲ್ಲಿ, ಕನ್ನಡ ಲಿಪಿಯಲ್ಲಿ ಮಂಗಳೂರಿನಿಂದ ಅಚ್ಚಾಗಿ ಬಂತು. 1914ರಲ್ಲಿ ಯುದ್ಧ ಶುರುವಾದ ಮೇಲೆ ಬ್ರಿಟಿಷರ ಕಣ್ಣಿಗೆ ಈ ಪಾದ್ರಿಗಳು ಶತ್ರು ದೇಶದವರಾದರು. ಅವರನ್ನು ಹಿಡಿದು ಕೂಡಿಹಾಕಿದರು, ಆಸ್ತಿ ಬೇರೆಯವರ ಕೈಗೆ ಹೋಯಿತು. 1947ರಿಂದೀಚೆಗೆ ಅದರ ವಾರಸುದಾರಿಕೆ ದಕ್ಷಿಣ ಭಾರತ ಸಭೆಯದು, ಎಲ್ಲರೂ ಸಿಎಸ್‌ಐ ಎನ್ನುವುದು ಅದನ್ನೇ. ಶಾಲೆಗಳಲ್ಲಿ ಕನ್ನಡದ ಜಾಗಕ್ಕೆ ತಮಿಳು ಬಂದು ಬಹಳ ಕಾಲವಾಯಿತು. ಸಿಎಸ್‌ಐ ಎಂಜಿನಿಯರಿಂಗ್ ಕಾಲೇಜಿನ ಬಸ್ಸು ನಿಮ್ಮನ್ನು ದಾಟಿ ಹೋಗುತ್ತದೆ. ಕಿಟಕಿಯಲ್ಲಿ ಕುಳಿತ ಹುಡುಗಿ ಫೋನಿನಲ್ಲಿ ಅಮ್ಮನೊಡನೆ ಬಡಗದಲ್ಲಿ, ಪಕ್ಕದವಳೊಡನೆ ತಮಿಳಿನಲ್ಲಿ ಮಾತಾಡುತ್ತಿದ್ದಾಳೆ.

ಶಿಳ್ಳೆ ಕೇಳಿಸಿತೇ? ನಿಲ್ದಾಣಕ್ಕೆ ಇಳಿಯೋಣ. ಕೇತ್ತಿ ರೈಲು ನಿಲ್ದಾಣ ಎಂದರೆ ಒಂದು ಕಟ್ಟೆ, ಒಂದು ಸಣ್ಣ ಕಟ್ಟಡ, ಸಮುದ್ರ ಮಟ್ಟದಿಂದ ಸುಮಾರು 2,090 ಮೀಟರ್. ಮೇಟ್ಟುಪಾಳ್ಯದಿಂದ ಕೂನೂರಿಗೆ 1899ರಲ್ಲಿ ಹತ್ತಿದ ರೈಲು ಇಲ್ಲಿಂದಾಚೆ ಊಟಿ ಮುಟ್ಟಿದ್ದು 1908ರಲ್ಲಿ. ಕೆಳಗಿನ ಕಡಿದಾದ ಹಾದಿಯಲ್ಲಿ ಹಳಿಗಳ ನಡುವೆ ಹಲ್ಲುಪಟ್ಟಿ ಇದೆ, ಇಲ್ಲಿ ಅದು ಬೇಕಿಲ್ಲ. ಈ ರೈಲುದಾರಿಯ ಗುತ್ತಿಗೆದಾರರಲ್ಲಿ ಒಬ್ಬರು ಹುಬ್ಬತಲೆಯ ಬಡಗರು, ರಾವ್ ಬಹದ್ದೂರ್ ಬೆಳ್ಳಿ ಗೌಡರ್. ಅವರ ಮಗ ಆರಿ ಗೌಡರ್ ಬಡಗರಲ್ಲಿ ಮೊದಲ ಪದವೀಧರರಾಗಿ, ರೈತರ ಆಲೂ ದಲ್ಲಾಳಿಗಳ ಪಾಲಾಗದಂತೆ ಸಹಕಾರಿ ಮಾರಾಟ ಸಂಘ ಕಟ್ಟಿದವರು. ಬೆಳಗ್ಗೆ ನೋಡಿದ ಮೂಟೆಗಳು ಹೋದ ಮೇಟ್ಟುಪಾಳ್ಯದಲ್ಲಿ ಆ ಸಂಘದ ಹರಾಜು ಇವತ್ತಿಗೂ ನಡೆಯುತ್ತದೆ. ಪ್ರವಾಸಿಗಳು ಮಾತ್ರ ಇಲ್ಲಿ ಇಳಿದು ಕೇಳುವುದು 1982ರ ‘ಮೂನ್ರಾಂ ಪಿರೈ’ ಚಿತ್ರದ ಕೊನೆಯಲ್ಲಿ ಕಮಲಹಾಸನ್ ಎಲ್ಲಿ ಬಿದ್ದು ಎದ್ದ ಎಂದು. ತೋರಿಸುವವರಿಗೂ ಬೇಸರವಿಲ್ಲ.

ನಿಲ್ದಾಣದಿಂದ ಎಲ್ಲನಳ್ಳಿಗೆ, ಊಟಿ-ಕೂನೂರು ಹೆದ್ದಾರಿಗೆ ಹತ್ತುವಾಗ ರಸ್ತೆ ಬದಿಯ ಗೋಡೆಗಳನ್ನು ಗಮನಿಸಿ. ಕಲ್ಲಿನ ಹಳೆಯ ತಡೆಗೋಡೆ, ಅದರ ಪಕ್ಕ ಕಾಂಕ್ರೀಟಿನದು, ಇನ್ನೊಂದೆಡೆ ತಂತಿಬಲೆಯೊಳಗೆ ಕಲ್ಲು ತುಂಬಿದ್ದು. 2009ರ ನವೆಂಬರ್ 10ರಂದು ಕೇತ್ತಿಯ ಮಳೆಮಾಪಕದಲ್ಲಿ 24 ಗಂಟೆಗೆ 82 ಸೆಂಟಿಮೀಟರ್ ಮಳೆ ದಾಖಲಾಯಿತು. ಬಳ್ಳಾರಿಯಂಥ ಊರಿನಲ್ಲಿ ವರ್ಷವಿಡೀ ಬೀಳದಷ್ಟು ನೀರು ಒಂದೇ ದಿನದಲ್ಲಿ. ಆ ವಾರ ನೀಲಗಿರಿಯಲ್ಲಿ ನೂರಾರು ಕಡೆ ನೆಲ ಜರುಗಿ 40ಕ್ಕೂ ಹೆಚ್ಚು ಜನ ಸತ್ತರು. ನಡು ಇಳಿಜಾರಿನಲ್ಲಿ ಮನೆ ಕಟ್ಟಿದ ಹಳಬರ ಬುದ್ಧಿ ಹಿಮದ ವಿಷಯದಲ್ಲಿ ಸರಿಯಿತ್ತು. ಅವರ ಕಾಲದಲ್ಲಿ ಗುಡ್ಡದ ಬುಡವನ್ನು ಯಂತ್ರದಿಂದ ಕೊರೆದು ಮೂರು ಅಂತಸ್ತು ಏರಿಸುವವರು ಇರಲಿಲ್ಲ.

ಎಲ್ಲನಳ್ಳಿಯ ನೋಟದ ಕಟ್ಟೆಯಲ್ಲಿ ದುರ್ಬೀನು ಇಟ್ಟುಕೊಂಡವನು “ಇಂಡಿಯಾದ ಸ್ವಿಟ್ಜರ್ಲೆಂಡ್, ಪ್ರಪಂಚದಲ್ಲೇ ಎರಡನೇ ದೊಡ್ಡ ಕಣಿವೆ” ಎಂದು ಒಂದೇ ಉಸಿರಿಗೆ ಹೇಳುತ್ತಾನೆ. ಎರಡೂ ಸುಳ್ಳು. ಅವನ ಹೊಟ್ಟೆಪಾಡಿನ ಸುಳ್ಳು, ಬಿಡಿ. ನಿಜವಾದ ಅಚ್ಚರಿ ಅವನ ದುರ್ಬೀನು ತಿರುಗದ ಕಡೆಗೆ ಇದೆ: ಸೂಜಿ ಕಾರ್ಖಾನೆ. ನೀಡಲ್ ಇಂಡಸ್ಟ್ರೀಸ್, 1949ರಿಂದ. ನಿಮ್ಮ ಅಮ್ಮನ ಹೊಲಿಗೆ ಡಬ್ಬಿಯಲ್ಲಿದ್ದ ‘ಪೋನಿ’ ಸೂಜಿ, ಸ್ವೆಟರ್ ಹೆಣೆಯುವ ಕಡ್ಡಿ ಹುಟ್ಟಿದ್ದು ಈ ಮಂಜಿನೂರಿನಲ್ಲಿ. ಕಾರ್ಖಾನೆ ಇಂಗ್ಲೆಂಡಿನ ಕಂಪನಿಯೊಂದರ ಅಂಗವಾಗಿ ಹುಟ್ಟಿದ್ದು. 1973ರ ವಿದೇಶಿ ವಿನಿಮಯ ಕಾಯ್ದೆ ಹೊರಗಿನವರ ಪಾಲನ್ನು ಶೇಕಡಾ 40ಕ್ಕೆ ಇಳಿಸಬೇಕೆಂದಾಗ ಷೇರುಗಳ ಬಗ್ಗೆ ಒಳಗೊಳಗೇ ಜಗಳವಾಗಿ, ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1981ರಲ್ಲಿ ಮುಖ್ಯ ನ್ಯಾಯಮೂರ್ತಿ ವೈ.ವಿ. ಚಂದ್ರಚೂಡ್ ಬರೆದ ಆ ತೀರ್ಪನ್ನು ಕಂಪನಿ ಕಾನೂನು ಓದುವವರು ಇಂದಿಗೂ ಓದುತ್ತಾರೆ. ಕ್ಯಾರೆಟ್ ಮಡಿಗಳ ಮೇಲಿನ ಕಾರ್ಖಾನೆಯೊಂದು ದೇಶದ ಕಾನೂನು ಕಾಲೇಜುಗಳಿಗೆ ಪಾಠವಾಗಿದೆ.

ಬಸ್ ನಿಲ್ದಾಣದ ಚಹಾ ಅಂಗಡಿಯಲ್ಲಿ ಕೆಲಸ ಮುಗಿಸಿ ಬಂದ ಹೆಂಗಸೊಬ್ಬರು ಗಾಜಿನ ಲೋಟ ಹಿಡಿದು ನಿಂತಿದ್ದಾರೆ. ಕಾರ್ಖಾನೆಯ ಗುರುತಿನ ಚೀಟಿ ಕೊರಳಲ್ಲಿದೆ. ಕನ್ನಡ ಕೇಳಿಸಿದ್ದಕ್ಕೆ ತಾವಾಗಿಯೇ ಮಾತಿಗೆ ಬರುತ್ತಾರೆ. ಮನೆಯಲ್ಲಿ ಒಂದು ಎಕರೆ ಚಹಾ, ಭಾನುವಾರ ತಾವೇ ಎಲೆ ಕೀಳುವುದು. ಹಸಿ ಎಲೆಗೆ ಕಿಲೋಗೆ ಕಾರ್ಖಾನೆಯವರು ಕೊಡುವುದು ಗೊಬ್ಬರಕ್ಕೂ ಕೂಲಿಗೂ ಸಾಲುವುದಿಲ್ಲ, ಅದಕ್ಕಾಗಿ ಊರವರೆಲ್ಲ ಉಪವಾಸ ಕೂತದ್ದೂ ಆಯಿತು.

“ಹಾಗಾದರೆ ಚಹಾ ಕಿತ್ತು ಕ್ಯಾರೆಟ್ ಹಾಕಬಹುದಲ್ಲ, ಅಕ್ಕಾ?”

“ನೀರು ಬೇಕಲ್ಲಾ ಅಣ್ಣಾ, ನಮ್ಮದು ಮೇಲಿನ ಜಾಗ,” ಎನ್ನುತ್ತಾರೆ. “ಕೆಳಗೆ ಇರುವವರಿಗೆ ಹೊಳೆ ಉಂಟು, ಹಿಮಾನೂ ಉಂಟು. ನಮಗೆ ಎರಡೂ ಇಲ್ಲ. ಮಗ ಬೆಂಗಳೂರಿಗೆ ಬಾ ಅಂತಾನೆ. ಹೆತ್ತೆ ಹಬ್ಬಕ್ಕೆ ಅವನೇ ಇಲ್ಲಿಗೆ ಬರುತ್ತಾನಲ್ಲ, ಮಾತಾಡಬೇಕು.” ಕೂನೂರಿನ ಬಸ್ಸು ಬರುತ್ತದೆ. ಲೋಟವನ್ನು ಹಲಗೆಯ ಮೇಲಿಟ್ಟು, ನಿಮ್ಮ ಚಹಾದ ಕಾಸನ್ನೂ ತಾವೇ ಕೊಟ್ಟು, ಬೇಡ ಎನ್ನುವಷ್ಟರಲ್ಲಿ ಹತ್ತಿಬಿಡುತ್ತಾರೆ.